ದಿಢೀರನೆ ಏಳುವ ಗಂದೆ, ಮೈಯೆಲ್ಲ ನವೆ: ತಟ್ಟೆಗಿಂತ ಮೊದಲು ಗಡಿಯಾರ ನೋಡಿ

ಇದ್ದಕ್ಕಿದ್ದಂತೆ ಮೈಮೇಲೆ ಕೆಂಪು ಗಂದೆಗಳೆದ್ದು ನವೆ ಶುರುವಾದರೆ ಸುತ್ತಲಿನವರೆಲ್ಲ ಕೇಳುವುದು ಒಂದೇ: "ಏನು ತಿಂದಿದ್ದೆ?" ನಿನ್ನೆಯ ಊಟ, ಮೊನ್ನೆಯ ತಿಂಡಿ ಎಲ್ಲದರ ವಿಚಾರಣೆ ನಡೆಯುತ್ತದೆ. ಕೊನೆಗೆ ಯಾವುದೋ ಒಂದು ತರಕಾರಿಯ ಮೇಲೆ ಆರೋಪ ಹೊರಿಸಿ, ಅದನ್ನು ಜೀವನಪರ್ಯಂತ ಬಿಟ್ಟವರೂ ಇದ್ದಾರೆ. ಇಂಥ ತೀರ್ಪುಗಳಲ್ಲಿ ಹೆಚ್ಚಿನವು ತಪ್ಪು. ತಿಂದ ಆಹಾರವೇ ಕಾರಣವಾಗಿರುವ ಸಂದರ್ಭಗಳು ಜನ ಅಂದುಕೊಂಡಷ್ಟು ಇಲ್ಲ.

ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಸಮಯದ ಲೆಕ್ಕ. ಏನನ್ನಾದರೂ ತಿಂದ, ಮುಟ್ಟಿದ ಅಥವಾ ನುಂಗಿದ ಎಷ್ಟು ಹೊತ್ತಿಗೆ ನವೆ ಶುರುವಾಯಿತು? ಎದ್ದ ಒಂದೊಂದು ಗಂದೆ ಎಷ್ಟು ಹೊತ್ತು ಉಳಿಯಿತು? ಈ ಕಾಟ ಎಷ್ಟು ದಿನಗಳಿಂದ ನಡೆಯುತ್ತಿದೆ? ಈ ಮೂರಕ್ಕೆ ನಿಖರವಾದ ಉತ್ತರ ಸಿಕ್ಕರೆ ವೈದ್ಯರ ಕೆಲಸ ಅರ್ಧ ಮುಗಿದಂತೆ.

ಆದರೆ ಗಡಿಯಾರ ನೋಡುತ್ತ ಕೂರಬಾರದ ಸಂದರ್ಭವೂ ಒಂದಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಂದೆಯ ಜೊತೆಗೆ ಉಸಿರಾಟ ಕಷ್ಟವಾದರೆ, ಉಬ್ಬಸ ಬಂದರೆ, ನಾಲಿಗೆ ದಪ್ಪಗಾದರೆ, ಗಂಟಲು ಬಿಗಿದು ಧ್ವನಿ ಬದಲಾದರೆ, ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ, ಮತ್ತೆಮತ್ತೆ ವಾಂತಿಯಾದರೆ ಅದು ಬರೀ ಚರ್ಮದ ತೊಂದರೆಯಲ್ಲ. ಇಡೀ ದೇಹವೇ ಅಲರ್ಜಿಗೆ ಸಿಕ್ಕಿದೆ ಎಂದು ಅರ್ಥ. ವೈದ್ಯಕೀಯದಲ್ಲಿ ಇದಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಇದಕ್ಕೆ ಮೊದಲ ಮದ್ದು ಅಡ್ರಿನಲಿನ್ ಚುಚ್ಚುಮದ್ದು. ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡಬೇಕು. ದೇಹತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ, ವಯಸ್ಕರಿಗೆ ಒಂದು ಸಲಕ್ಕೆ ಗರಿಷ್ಠ 0.5 ಮಿಲಿಗ್ರಾಂ ಎಂಬುದು ವೈದ್ಯರು ಪಾಲಿಸುವ ಪ್ರಮಾಣ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬಹುದು. ಮೊದಲೇ ಇಂಥ ಅನುಭವವಾಗಿ, ತಾವೇ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ ಇಟ್ಟುಕೊಂಡವರು ಅದನ್ನು ಬಳಸಲು ಹಿಂಜರಿಯಬಾರದು. ಪೆನ್ ಇದ್ದರೂ ಇಲ್ಲದಿದ್ದರೂ ತುರ್ತು ವಾಹನಕ್ಕೆ ಕರೆ ಮಾಡಬೇಕು.

ಅಲ್ಲಿಯವರೆಗೆ ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಸ್ವಲ್ಪ ಎತ್ತರದಲ್ಲಿ ಇಡಬೇಕು. ಉಸಿರಾಟ ತೀರಾ ಕಷ್ಟವಾದರೆ ಕಾಲು ಚಾಚಿ ಒರಗಿ ಕೂರಬಹುದು. ಎದ್ದು ನಿಲ್ಲಿಸುವುದಾಗಲಿ ನಡೆಸಿಕೊಂಡು ಹೋಗುವುದಾಗಲಿ ಕೂಡದು; ರಕ್ತದೊತ್ತಡ ಕುಸಿದಿರುವಾಗ ದಿಢೀರನೆ ನಿಂತರೆ ಹೃದಯಕ್ಕೆ ರಕ್ತವೇ ಮರಳದೆ ಪ್ರಾಣಕ್ಕೆ ಅಪಾಯವಾಗುತ್ತದೆ. ಅಲರ್ಜಿಯ ಮಾತ್ರೆ ನುಂಗಿ "ನೋಡೋಣ" ಎಂದು ಕಾಯುವುದು ಇಲ್ಲಿ ಆಗುವ ದೊಡ್ಡ ತಪ್ಪು. ಆ ಮಾತ್ರೆ ನವೆಯನ್ನು ಇಳಿಸಬಹುದು, ಆದರೆ ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ತೆರೆಯುವುದಿಲ್ಲ. ಇನ್ನೊಂದು ಮಾತು: ಅನಾಫಿಲ್ಯಾಕ್ಸಿಸ್ ಆದ ಎಲ್ಲರಿಗೂ ಗಂದೆ ಏಳುವುದಿಲ್ಲ. ನೂರರಲ್ಲಿ ಹತ್ತಿಪ್ಪತ್ತು ಮಂದಿಯ ಚರ್ಮದಲ್ಲಿ ಏನೂ ಕಾಣದೆಯೂ ಇರಬಹುದು.

ಉಳಿದದ್ದನ್ನು ಇನ್ನು ನಿಧಾನವಾಗಿ ನೋಡೋಣ.

ಚರ್ಮದೊಳಗೆ ನಡೆಯುವುದೇನು

ಚರ್ಮದ ಒಳಪದರದಲ್ಲಿ, ಸೂಕ್ಷ್ಮ ರಕ್ತನಾಳಗಳ ಮತ್ತು ನರತುದಿಗಳ ಪಕ್ಕದಲ್ಲೇ, ಮಾಸ್ಟ್ ಕೋಶಗಳೆಂಬ ಜೀವಕೋಶಗಳಿವೆ. 1878ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಇವುಗಳನ್ನು ವಿವರಿಸಿ ಹೆಸರಿಟ್ಟರು. ಒಂದೊಂದು ಕೋಶದ ತುಂಬ ಸಣ್ಣ ಸಣ್ಣ ಕಣಗಳು. ಆ ಕಣಗಳೊಳಗೆ ಹಿಸ್ಟಮೈನ್ ಮತ್ತಿತರ ರಾಸಾಯನಿಕಗಳು. ಕೋಶ ಕೆರಳಿದರೆ ಈ ಸಂಗ್ರಹ ನಿಮಿಷಗಳಲ್ಲಿ ಹೊರಬರುತ್ತದೆ. ಹಿಸ್ಟಮೈನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಆದ್ದರಿಂದ ಚರ್ಮ ಕೆಂಪಾಗುತ್ತದೆ. ನಾಳಗಳ ಗೋಡೆಯನ್ನು ಸಡಿಲಿಸುತ್ತದೆ, ಅಲ್ಲಿಂದ ದ್ರವ ಸೋರಿ ಚರ್ಮ ಉಬ್ಬುತ್ತದೆ. ನರತುದಿಗಳನ್ನು ಕೆರಳಿಸುತ್ತದೆ, ಅದು ನವೆ. ಕೆಂಪು, ಉಬ್ಬು, ನವೆ ಮೂರೂ ಒಟ್ಟಿಗೆ ಬರುವುದು ಇದೇ ಕಾರಣಕ್ಕೆ. ಸೋರಿದ ದ್ರವವನ್ನು ದೇಹ ಕೆಲವೇ ಗಂಟೆಗಳಲ್ಲಿ ಮತ್ತೆ ಹೀರಿಕೊಳ್ಳುವುದರಿಂದ ಗಂದೆ ಕಲೆ ಉಳಿಸದೆ ಮಾಯವಾಗುತ್ತದೆ. ಇದೇ ಸೋರಿಕೆ ಚರ್ಮದ ಇನ್ನೂ ಆಳದಲ್ಲಿ ನಡೆದರೆ ತುಟಿ, ಕಣ್ಣುರೆಪ್ಪೆಗಳು ಬಾತುಕೊಳ್ಳುತ್ತವೆ. ಆ ಬಾವು ಇಳಿಯಲು ಎರಡು ಮೂರು ದಿನ ಬೇಕಾಗಬಹುದು. ಅಲ್ಲಿ ನವೆಗಿಂತ ಬಿಗಿತ, ಉರಿ ಹೆಚ್ಚು.

ಮಾಸ್ಟ್ ಕೋಶವನ್ನು ಕೆರಳಿಸುವುದು ಯಾವುದು? ಇದಕ್ಕೆ ಉತ್ತರ ಸಿಕ್ಕ ಕಥೆ ವಿಚಿತ್ರವಾಗಿದೆ. ಹೈನ್ಸ್ ಕುಸ್ಟ್ನರ್ ಎಂಬ ವೈದ್ಯರಿಗೆ ಬೇಯಿಸಿದ ಮೀನು ತಿಂದರೆ ಆಗುತ್ತಿರಲಿಲ್ಲ. ಅವರ ಜೊತೆಗಾರ ಕಾರ್ಲ್ ಪ್ರೌಸ್ನಿಟ್ಸ್‌ಗೆ ಮೀನಿನಿಂದ ಯಾವ ತೊಂದರೆಯೂ ಇರಲಿಲ್ಲ. ಪ್ರೌಸ್ನಿಟ್ಸ್ ಕುಸ್ಟ್ನರ್ ಅವರ ರಕ್ತದ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಸ್ವಲ್ಪ ತೆಗೆದು ತಮ್ಮದೇ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಕೊಂಡಾಗ ಅಲ್ಲಿ ಗಂದೆ ಎದ್ದಿತು. ಅಲರ್ಜಿ ಇರುವವರ ರಕ್ತದಲ್ಲಿ ಚರ್ಮಕ್ಕೆ ಅಂಟಿಕೊಂಡು ಕಾಯುವ ವಸ್ತುವೊಂದಿದೆ ಎಂಬುದು 1921ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಖಚಿತವಾಯಿತು. ಇನ್ನೊಬ್ಬರ ಸೀರಮ್ ಚುಚ್ಚಿಕೊಳ್ಳುವ ಧೈರ್ಯವನ್ನು ಇಂದು ಯಾವ ನೈತಿಕ ಸಮಿತಿಯೂ ಒಪ್ಪದು. ಆ ವಸ್ತು ಯಾವುದೆಂದು ತಿಳಿಯಲು ಮತ್ತೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. 1966-67ರ ಸುಮಾರಿಗೆ ಅಮೆರಿಕದಲ್ಲಿ ಇಶಿಜಾಕಾ ದಂಪತಿ, ಸ್ವೀಡನ್‌ನಲ್ಲಿ ಯೋಹಾನ್ಸನ್ ಮತ್ತು ಬೆನಿಕ್ ಪ್ರತ್ಯೇಕವಾಗಿ ಅದನ್ನು ಗುರುತಿಸಿದರು. ಅದೇ ಐಜಿಇ ಎಂಬ ಪ್ರತಿಕಾಯ, ಅಂದರೆ ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯಲು ದೇಹ ತಯಾರಿಸುವ ಪ್ರೋಟೀನು.

ಕಡಲೆಕಾಯಿಯ ಪ್ರೋಟೀನು ಮೊದಲ ಸಲ ದೇಹ ಸೇರಿದಾಗ, ಒಗ್ಗದವರಲ್ಲಿ, ರೋಗನಿರೋಧಕ ವ್ಯವಸ್ಥೆ ಅದರ ವಿರುದ್ಧ ಐಜಿಇ ತಯಾರಿಸುತ್ತದೆ. ಆ ಪ್ರತಿಕಾಯಗಳು ಮಾಸ್ಟ್ ಕೋಶಗಳ ಮೈಗೆ ಅಂಟಿ ಕೂರುತ್ತವೆ. ಇಲಿಬೋನನ್ನು ಹೂಡಿಟ್ಟ ಹಾಗೆ. ಮುಂದೆ ಅದೇ ಪ್ರೋಟೀನು ಬಂದು ಅಕ್ಕಪಕ್ಕದ ಎರಡು ಪ್ರತಿಕಾಯಗಳನ್ನು ಒಟ್ಟಿಗೆ ಹಿಡಿದಾಗ ಕೋಶದ ಸಂಗ್ರಹ ಹೊರಬೀಳುತ್ತದೆ. ಆದ್ದರಿಂದ "ಇಷ್ಟು ವರ್ಷ ತಿಂದಿದ್ದೇನೆ, ಏನೂ ಆಗಿರಲಿಲ್ಲ" ಎಂಬ ವಾದಕ್ಕೆ ಬಲವಿಲ್ಲ. ಹಿಂದೆಂದೋ ದೇಹ ಆ ವಸ್ತುವಿನ ಪರಿಚಯ ಮಾಡಿಕೊಂಡಿದ್ದರೇ ತಾನೇ ಇಂದು ಅಲರ್ಜಿಯಾಗುವುದು!

ಕೆರೆದುಕೊಂಡರೆ ಹಾಯೆನಿಸುವುದೇಕೆ ಎಂಬುದನ್ನೂ ಇಲ್ಲೇ ಹೇಳಬೇಕು. ನವೆಯ ಸುದ್ದಿ ಒಯ್ಯುವುದು ತೀರಾ ಸಣ್ಣ, ನಿಧಾನಗತಿಯ ನರತಂತುಗಳು. ಉಗುರಿನಿಂದ ಕೆರೆದಾಗ ಆಗುವ ಸಣ್ಣ ನೋವಿನ ಸುದ್ದಿ ಬೆನ್ನುಹುರಿಗೆ ತಲುಪಿ, ಅಲ್ಲಿ ನವೆಯ ಸುದ್ದಿಯನ್ನು ತಡೆಯುತ್ತದೆ. ಅದರಿಂದ ಕ್ಷಣಕಾಲ ಸುಖ. ಆದರೆ ಅದೇ ಕೆರೆತ ಚರ್ಮದ ಮಾಸ್ಟ್ ಕೋಶಗಳನ್ನೂ ಕೆಣಕುತ್ತದೆ, ನರತುದಿಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ. ಕೆರೆದಷ್ಟೂ ಗಂದೆ ಹರಡುವುದು ಹೀಗೆ. ರಾತ್ರಿ ಚರ್ಮದ ಬಿಸಿ ತುಸು ಏರಿ, ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ಇಳಿದಿರುತ್ತದೆ. ಮನಸ್ಸಿಗೂ ಬೇರೆ ಕೆಲಸವಿರುವುದಿಲ್ಲ. ಹಗಲಿಗಿಂತ ರಾತ್ರಿಯ ನವೆ ಜೋರಾಗಿರುವುದಕ್ಕೆ ಇವೆಲ್ಲ ಕಾರಣ.

ಕಾರಣ ಹುಡುಕುವ ಬಗೆ

ಐಜಿಇ ಮೂಲಕ ಆಗುವ ಆಹಾರದ ಅಲರ್ಜಿಗೆ ಅವಸರ ಜಾಸ್ತಿ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತದೆ. ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ ಬಾದಾಮಿಯಂಥ ಬೀಜಗಳು, ಮೀನು, ಸೀಗಡಿ, ಏಡಿ, ಗೋಧಿ, ಸೋಯಾ, ಎಳ್ಳು ಇವು ಮುಖ್ಯ ಆರೋಪಿಗಳು. ಇನ್ನೊಂದು ಲಕ್ಷಣವೆಂದರೆ ಮರುಕಳಿಸುವಿಕೆ: ತಿಂದಾಗಲೆಲ್ಲ ಆಗಬೇಕು. ನಿನ್ನೆ ಮಧ್ಯಾಹ್ನ ತಿಂದದ್ದಕ್ಕೆ ಇಂದು ಸಂಜೆ ಗಂದೆ ಎದ್ದರೆ, ಅದಾದ ಮೇಲೆ ಅದೇ ಪದಾರ್ಥ ತಿಂದರೂ ಏನೂ ಆಗದಿದ್ದರೆ, ಆ ಪದಾರ್ಥ ನಿರಪರಾಧಿ ಎಂದೇ ತಿಳಿಯಬಹುದು.

ಈ ನಿಯಮಕ್ಕೆ ಎರಡು ಸ್ವಾರಸ್ಯಕರ ಅಪವಾದಗಳಿವೆ. ರಕ್ತ ಹೀರುವ ಕೆಲವು ಜಾತಿಯ ಉಣ್ಣಿಗಳು ಕಚ್ಚಿದ ಮೇಲೆ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯಂಶದ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ದನ, ಹಂದಿ, ಕುರಿಗಳ ಮಾಂಸದಲ್ಲಿ ಆ ಅಂಶ ಇರುವುದರಿಂದ, ಮಾಂಸ ತಿಂದ ಮೂರರಿಂದ ಆರು ಗಂಟೆಗಳ ಬಳಿಕ, ಎಷ್ಟೋ ಸಲ ನಡುರಾತ್ರಿ, ಗಂದೆ ಏಳುತ್ತದೆ. ಇನ್ನೊಂದು, ಗೋಧಿ ತಿಂದು ಸುಮ್ಮನೆ ಕುಳಿತರೆ ಏನೂ ಆಗದೆ, ತಿಂದ ಕೆಲವು ಗಂಟೆಗಳೊಳಗೆ ಓಡಿದರೆ ಅಥವಾ ವ್ಯಾಯಾಮ ಮಾಡಿದರೆ ಮಾತ್ರ ಕಾಣಿಸಿಕೊಳ್ಳುವ ಅಲರ್ಜಿ. ಎರಡನ್ನೂ ಪತ್ತೆ ಮಾಡಲು ತಿಂದದ್ದರ ಪಟ್ಟಿ ಸಾಲದು, ಆ ದಿನದ ವೇಳಾಪಟ್ಟಿಯೇ ಬೇಕು.

ಮಕ್ಕಳ ವಿಷಯದಲ್ಲಿ ಮೊದಲು ನೆನಪಾಗಬೇಕಾದದ್ದು ಆಹಾರವಲ್ಲ, ವೈರಸ್. ನೆಗಡಿ, ಗಂಟಲುನೋವು, ಜ್ವರ, ಭೇದಿಯ ಜೊತೆಗೋ ಅದಾದ ಒಂದೆರಡು ದಿನಕ್ಕೋ ಮೈತುಂಬ ಗಂದೆ ಎದ್ದು, ವಾರ ಹತ್ತು ದಿನ ಬಂದು ಹೋಗಿ ಮಾಡಿ, ತಾನಾಗಿ ನಿಲ್ಲುತ್ತದೆ. ದೊಡ್ಡವರಲ್ಲೂ ಸೋಂಕು ಸಾಮಾನ್ಯ ಕಾರಣವೇ. ಎಷ್ಟೋ ಸಲ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಅದರಿಂದ ಚಿಕಿತ್ಸೆಗೇನೂ ಅಡ್ಡಿಯಿಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ಗಂದೆ ಏಳುವವರು ಐವರಲ್ಲಿ ಒಬ್ಬರವರೆಗೂ ಇದ್ದಾರೆಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರಿಗೆ ಅದು ಒಮ್ಮೆ ಬಂದು ಹೋಗುವ ಕಾಟ.

ಔಷಧಗಳ ಕಥೆ ಸ್ವಲ್ಪ ಬೇರೆ. ಪೆನಿಸಿಲಿನ್ ಗುಂಪಿನವು ನಿಜವಾದ ಐಜಿಇ ಅಲರ್ಜಿ ಉಂಟುಮಾಡಬಲ್ಲವು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಗೊತ್ತಾಗುತ್ತದೆ. ಆದರೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಹೆಚ್ಚಾಗಿ ಪ್ರತಿಕಾಯದ ಗೊಡವೆಗೆ ಹೋಗುವುದಿಲ್ಲ. ನೋವು ಇಳಿಸಲು ಅವು ಒಂದು ಕಿಣ್ವವನ್ನು ತಡೆಯುತ್ತವೆ. ಆಗ ದೇಹದ ರಾಸಾಯನಿಕ ಹರಿವು ಉರಿಯೂತ ತರುವ ಲ್ಯೂಕೋಟ್ರಿಯೀನ್‌ಗಳತ್ತ ತಿರುಗಿ ಗಂದೆ ಏಳುತ್ತದೆ. ಹೀಗಾಗಿ ಒಂದು ನೋವಿನ ಮಾತ್ರೆ ಆಗದವರಿಗೆ ಅದೇ ಬಗೆಯ ಬೇರೆ ಮಾತ್ರೆಯೂ ಆಗದಿರುವ ಸಾಧ್ಯತೆ ಇದೆ. ಮಾರ್ಫೀನ್, ಕೊಡೀನ್, ಸ್ಕ್ಯಾನಿಂಗ್ ವೇಳೆ ಚುಚ್ಚುವ ಕೆಲವು ದ್ರವಗಳು ಮಾಸ್ಟ್ ಕೋಶವನ್ನು ನೇರವಾಗಿಯೇ ಕೆರಳಿಸಬಲ್ಲವು. ಅಲರ್ಜಿ ಪರೀಕ್ಷೆಯಲ್ಲಿ ಇವು ಸಿಕ್ಕಿಬೀಳುವುದಿಲ್ಲ.

ಜೇನುನೊಣ, ಕಣಜ ಕುಟುಕಿದ ಜಾಗ ಬಾತುಕೊಳ್ಳುವುದು ಸಹಜ. ಕುಟುಕಿದ್ದು ಕೈಗೆ, ಗಂದೆ ಎದ್ದದ್ದು ಹೊಟ್ಟೆ ಬೆನ್ನಿನ ಮೇಲೆ ಎಂದಾದರೆ ಮಾತ್ರ ಎಚ್ಚರ ಬೇಕು. ಮುಂದಿನ ಸಲ ಅದು ತೀವ್ರವಾಗಬಹುದು, ತಜ್ಞರನ್ನು ಕಾಣಲೇಬೇಕು.

ಇನ್ನು ಹೊರಗಿನ ಒತ್ತಡಕ್ಕೇ ಏಳುವ ಗಂದೆಗಳ ಒಂದು ಕುಟುಂಬವಿದೆ. ಚರ್ಮದ ಮೇಲೆ ಗೆರೆ ಎಳೆದರೆ ಕೆಲವೇ ನಿಮಿಷಗಳಲ್ಲಿ ಅದೇ ಗೆರೆ ಉಬ್ಬಿ ನಿಲ್ಲುವವರಿದ್ದಾರೆ. ತಮ್ಮ ಹೆಸರನ್ನೇ ತೋಳಿನ ಮೇಲೆ ಉಬ್ಬಕ್ಷರದಲ್ಲಿ ಬರೆದುಕೊಳ್ಳಬಲ್ಲರು. ಬಿಸಿನೀರು, ಬೆವರು, ಉದ್ವೇಗಕ್ಕೆ ಸಾಸಿವೆಯಷ್ಟು ಸಣ್ಣ ಗಂದೆಗಳು ಮುತ್ತುವುದುಂಟು. ಬಿಗಿಯಾದ ಬೆಲ್ಟ್, ಹೊತ್ತ ಚೀಲ ಒತ್ತಿದಲ್ಲಿ ನಾಲ್ಕಾರು ಗಂಟೆ ಕಳೆದ ಮೇಲೆ ಬಾವು ಬರುವುದುಂಟು. ಇವುಗಳಲ್ಲಿ ಅಪಾಯಕಾರಿ ಎನ್ನಬೇಕಾದದ್ದು ತಂಪಿಗೆ ಏಳುವ ಗಂದೆ. ಇದು ಇರುವವರು ತಣ್ಣೀರಿನ ಕೊಳಕ್ಕೆ ಧುಮುಕಿದರೆ ಇಡೀ ಮೈಯಿಂದ ಒಮ್ಮೆಲೇ ಹಿಸ್ಟಮೈನ್ ಬಿಡುಗಡೆಯಾಗಿ ನೀರಿನಲ್ಲೇ ಪ್ರಜ್ಞೆ ತಪ್ಪಬಹುದು.

ಅಲರ್ಜಿಯ ವೇಷದಲ್ಲಿ ಬರುವವರು

ಸರಿಯಾಗಿ ತಂಪಿನಲ್ಲಿಡದ ಕೆಲವು ಮೀನುಗಳಲ್ಲಿ ಬ್ಯಾಕ್ಟೀರಿಯಾಗಳೇ ಹಿಸ್ಟಮೈನ್ ತಯಾರಿಸಿಬಿಡುತ್ತವೆ. ಬೇಯಿಸಿದರೂ ಅದು ನಾಶವಾಗುವುದಿಲ್ಲ. ಅಂಥ ಮೀನು ತಿಂದವರ ಮುಖ ಕೆಂಪೇರಿ, ನವೆ, ತಲೆನೋವು ಬರುತ್ತದೆ. ನೋಡಿದರೆ ಥೇಟ್ ಅಲರ್ಜಿ. ಗುಟ್ಟು ರಟ್ಟಾಗುವುದು ಜೊತೆಗೆ ತಿಂದ ಇನ್ನೊಬ್ಬರಿಗೂ ಹಾಗೇ ಆದಾಗ. ಅಲರ್ಜಿ ಒಂದೇ ಪಂಕ್ತಿಯಲ್ಲಿ ಕೂತ ನಾಲ್ವರಿಗೂ ಒಟ್ಟಿಗೆ ಬರುವುದಿಲ್ಲ.

ಒಡವೆ, ಗಡಿಯಾರದ ಪಟ್ಟಿ, ಕೂದಲಿನ ಬಣ್ಣ, ಸುಗಂಧದ್ರವ್ಯ ತಾಗಿದ ಜಾಗದಲ್ಲಿ ಒಂದೆರಡು ದಿನ ಬಿಟ್ಟು ಕೆಂಪಾಗಿ, ಗುಳ್ಳೆಯಾಗಿ, ನೀರು ಜಿನುಗಿ, ಆಮೇಲೆ ಹೊಟ್ಟೇಳುವುದು ಬೇರೆಯೇ ಅಲರ್ಜಿ. ಇಲ್ಲಿ ಐಜಿಇಗೆ ಪಾತ್ರವಿಲ್ಲ. ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳು ನಿಧಾನವಾಗಿ ಬಂದು ದಾಳಿ ಮಾಡುತ್ತವೆ. ನಿಕಲ್ ಲೋಹ, ಕಪ್ಪು ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಇದಕ್ಕೆ ಹೆಸರುವಾಸಿ. ಕಾರಣ ಮುಟ್ಟಿ ಎರಡು ದಿನವಾಗಿರುವುದರಿಂದ ಜನ ಆ ದಿನದ ಊಟವನ್ನು ದೂರುತ್ತಾರೆ, ಮೊನ್ನೆ ಹಚ್ಚಿದ ಬಣ್ಣ ನೆನಪಾಗುವುದಿಲ್ಲ.

ತುಟಿ ಅಥವಾ ನಾಲಿಗೆ ನವೆಯೂ ಇಲ್ಲದೆ, ಗಂದೆಯೂ ಇಲ್ಲದೆ ಬಾತರೆ ರಕ್ತದೊತ್ತಡದ ಮಾತ್ರೆಯನ್ನು ಒಮ್ಮೆ ನೋಡಿ. ಎನಲಾಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆಗಳು ಬ್ರಾಡಿಕೈನಿನ್ ಎಂಬ ರಾಸಾಯನಿಕ ಶೇಖರವಾಗುವಂತೆ ಮಾಡಿ ಈ ಬಾವು ತರುತ್ತವೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ತೊಂದರೆಯಿಲ್ಲದೆ ನುಂಗಿದ ಮೇಲೂ ಹೀಗಾಗಬಹುದು. ಹಿಸ್ಟಮೈನ್ ಇಲ್ಲದ ಕಾರಣ ಅಲರ್ಜಿಯ ಮಾತ್ರೆ ಇಲ್ಲಿ ನಿಷ್ಪ್ರಯೋಜಕ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗಂದೆಯೊಂದು ಇಪ್ಪತ್ತನಾಲ್ಕು ಗಂಟೆ ಮೀರಿ ಅದೇ ಜಾಗದಲ್ಲಿ ಉಳಿದರೆ, ನವೆಗಿಂತ ನೋವು ಹೆಚ್ಚಿದ್ದರೆ, ಹೋಗುವಾಗ ಕಂದಿದ ಗುರುತು ಬಿಟ್ಟರೆ ಅದು ರಕ್ತನಾಳಗಳ ಉರಿಯೂತ ಇರಬಹುದು; ಚರ್ಮದ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ. ಇದನ್ನು ತಿಳಿಯಲು ಸುಲಭ ಉಪಾಯವಿದೆ. ಒಂದು ಗಂದೆಯ ಸುತ್ತ ಪೆನ್ನಿನಿಂದ ಗೆರೆ ಹಾಕಿ ಸಮಯ ಬರೆದಿಡಿ. ಮರುದಿನ ಅದೇ ಹೊತ್ತಿಗೆ ಗೆರೆಯೊಳಗಿನ ಚರ್ಮ ನಯವಾಗಿದ್ದು ಪಕ್ಕದಲ್ಲಿ ಹೊಸದು ಎದ್ದಿದ್ದರೆ ಅದು ಸಾಮಾನ್ಯ ಗಂದೆ. "ಮೂರು ದಿನದಿಂದ ಹೋಗೇ ಇಲ್ಲ" ಎನ್ನುವವರಲ್ಲಿ ಬಹುಪಾಲು ಜನರಿಗೆ ಹೋಗುತ್ತಿದೆ, ಬರುತ್ತಿದೆ, ಅಷ್ಟೇ.

ಗಂದೆಯೇ ಇಲ್ಲದ ನವೆಯದು ಬೇರೆ ದಾರಿ. ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ರಾತ್ರಿ ನವೆಯಾಗಿ, ಮನೆಯ ಉಳಿದವರೂ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ, ಅಂದರೆ ಕಣ್ಣಿಗೆ ಕಾಣದ ನುಸಿಯ ಕೆಲಸ. ಎಲ್ಲರೂ ಒಟ್ಟಿಗೆ ಮದ್ದು ಹಚ್ಚಿಕೊಳ್ಳದೆ ಅದು ಹೋಗದು. ಒಣಚರ್ಮ, ಯಕೃತ್ತಿನ ಮತ್ತು ಮೂತ್ರಪಿಂಡದ ಕಾಯಿಲೆ, ಥೈರಾಯ್ಡ್ ಏರುಪೇರು, ಕಬ್ಬಿಣದ ಕೊರತೆ ಇವೂ ಮೈಯೆಲ್ಲ ನವೆ ತರುತ್ತವೆ. ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಅಂಗೈ ಅಂಗಾಲಿನಲ್ಲಿ ಜೋರು ನವೆ ಬಂದರೆ ಪಿತ್ತರಸದ ಹರಿವು ತಡೆಯಾಗಿರಬಹುದು. ಮಗುವಿಗೆ ಅಪಾಯವಿರುವುದರಿಂದ ಅಂದೇ ವೈದ್ಯರಿಗೆ ತಿಳಿಸಬೇಕು.

ಚಿಕಿತ್ಸೆ

ಗೊತ್ತಿರುವ ಕಾರಣವನ್ನು ನಿಲ್ಲಿಸುವುದು ಮೊದಲ ಕೆಲಸ. ಆಮೇಲೆ ತಂಪು. ಒದ್ದೆ ಬಟ್ಟೆ, ತಣ್ಣೀರಿನ ಸ್ನಾನ, ಕ್ಯಾಲಮೈನ್ ಲೋಷನ್, ಮೆಂಥಾಲ್ ಇರುವ ಮುಲಾಮು ನರಗಳನ್ನು ತಂಪಿನ ಸುದ್ದಿಯಲ್ಲಿ ತೊಡಗಿಸಿ ನವೆಯನ್ನು ಮರೆಸುತ್ತವೆ. ತಂಪಿಗೇ ಗಂದೆ ಏಳುವವರು ಮಾತ್ರ ಇದರಿಂದ ದೂರವಿರಬೇಕು. ಬಿಸಿನೀರು ಸುರಿದುಕೊಂಡರೆ ಒಂದು ನಿಮಿಷದ ಸುಖ, ಆಮೇಲೆ ದುಪ್ಪಟ್ಟು ನವೆ. ಬಿಗಿ ಉಡುಪು, ಮದ್ಯ, ನೋವಿನ ಮಾತ್ರೆಗಳು ಗಂದೆಯನ್ನು ಹೆಚ್ಚಿಸುತ್ತವೆ. ಜ್ವರವಿದ್ದರೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಆಗಿಬರುತ್ತದೆ.

ಮುಖ್ಯ ಔಷಧ ಹಿಸ್ಟಮೈನ್ ತಡೆಯುವ ಮಾತ್ರೆ. ಪ್ಯಾರಿಸ್‌ನಲ್ಲಿ 1937ರಲ್ಲಿ ಇಂಥ ಮೊದಲ ಸಂಯುಕ್ತಗಳನ್ನು ಗುರುತಿಸಿದ ಡೇನಿಯಲ್ ಬೊವೆಗೆ 1957ರಲ್ಲಿ ನೊಬೆಲ್ ಬಂತು. ಹಿಂದಿನ ತಲೆಮಾರಿನ ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್, ಹೈಡ್ರಾಕ್ಸಿಜೈನ್ ಮಿದುಳನ್ನೂ ಹೊಕ್ಕು ನಿದ್ದೆ ತರುತ್ತವೆ. "ನಿದ್ದೆ ಬಂದರೆ ಒಳ್ಳೆಯದೇ ಅಲ್ಲವೇ, ನವೆ ಮರೆಯಬಹುದು" ಎನ್ನುವವರಿದ್ದಾರೆ. ನನಗೆ ಈ ವಾದ ಒಪ್ಪಿಗೆಯಿಲ್ಲ. ಆ ನಿದ್ದೆಯ ಗುಣಮಟ್ಟ ಕಳಪೆ; ಮಂಪರು ಮರುದಿನ ಬೆಳಿಗ್ಗೆ ವಾಹನ ಓಡಿಸುವಾಗಲೂ, ಮಗು ಪರೀಕ್ಷೆ ಬರೆಯುವಾಗಲೂ ಉಳಿದಿರುತ್ತದೆ. ವಯಸ್ಸಾದವರಲ್ಲಿ ಗೊಂದಲ, ಮೂತ್ರ ಕಟ್ಟುವುದು, ಬೀಳುವುದೂ ಉಂಟು. ಎರಡನೇ ತಲೆಮಾರಿನ ಸೆಟಿರಿಜಿನ್, ಲೆವೊಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಮಿದುಳಿಗೆ ಹೋಗುವುದು ತೀರಾ ಕಡಿಮೆ. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಮೊದಲು ಕೊಡಬೇಕೆಂದು ಹೇಳುವುದೂ ಇವನ್ನೇ.

ವಯಸ್ಕರಿಗೆ ದಿನಕ್ಕೊಂದು ಸಲ ಸೆಟಿರಿಜಿನ್ ಅಥವಾ ಲೊರಾಟಡಿನ್ 10 ಮಿಲಿಗ್ರಾಂ, ಲೆವೊಸೆಟಿರಿಜಿನ್ 5, ಬಿಲಾಸ್ಟಿನ್ 20, ಫೆಕ್ಸೊಫೆನಡಿನ್ 180 ಸಾಮಾನ್ಯ ಪ್ರಮಾಣ. ಸುಮಾರು ಒಂದು ಗಂಟೆಯಲ್ಲಿ ಕೆಲಸ ಶುರುವಾಗುತ್ತದೆ. ಸೆಟಿರಿಜಿನ್ ಕೆಲವರಿಗೆ ತುಸು ಮಂಪರು ತರಬಹುದು. ಮೂತ್ರಪಿಂಡದ ತೊಂದರೆಯಿರುವವರಿಗೆ ಅದರ ಪ್ರಮಾಣ ಇಳಿಸಬೇಕು. ಫೆಕ್ಸೊಫೆನಡಿನ್ ಮಾತ್ರೆಯನ್ನು ಹಣ್ಣಿನ ರಸದ ಜೊತೆ ನುಂಗಿದರೆ ದೇಹ ಹೀರುವುದು ಕಡಿಮೆಯಾಗುತ್ತದೆ, ಬಿಲಾಸ್ಟಿನ್ ಖಾಲಿ ಹೊಟ್ಟೆಯಲ್ಲೇ ಬೇಕು. ಮಾತ್ರೆ ಕೆಲಸ ಮಾಡಲಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇಂಥದೇ ಸಣ್ಣ ಸಂಗತಿ ಇರುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ವೈದ್ಯರೇ ಪ್ರಮಾಣ ನಿಗದಿಮಾಡಲಿ.

ಈ ಮಾತ್ರೆ ಹಿಸ್ಟಮೈನನ್ನು ನಾಶ ಮಾಡುವುದಿಲ್ಲ. ಜೀವಕೋಶದ ಮೇಲೆ ಅದು ಕೂರಬೇಕಾದ ಜಾಗವನ್ನು ಮೊದಲೇ ಆಕ್ರಮಿಸಿಕೊಳ್ಳುತ್ತದೆ. ಆಗಲೇ ಸೋರಿದ ದ್ರವ ತನ್ನ ಸಮಯಕ್ಕೇ ಇಂಗಬೇಕು. ಮಾತ್ರೆ ತಡೆಯುವುದು ಮುಂದೆ ಏಳಲಿರುವ ಗಂದೆಯನ್ನು. ಆದ್ದರಿಂದ ಗಂದೆ ಎದ್ದಾಗಲೊಂದು ನುಂಗುವುದಕ್ಕಿಂತ, ಕಾಟ ಇರುವಷ್ಟು ದಿನ ಗಂದೆ ಇರಲಿ ಬಿಡಲಿ ದಿನವೂ ಅದೇ ಹೊತ್ತಿಗೆ ತೆಗೆದುಕೊಳ್ಳುವುದು ಸರಿ.

ಸ್ಟೀರಾಯ್ಡ್ ವಿಷಯದಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ. ಗಂದೆಗೆ ಸ್ಟೀರಾಯ್ಡ್ ಮುಲಾಮು ಹಚ್ಚುವುದು ವ್ಯರ್ಥ. ಅದು ನಿಜವಾಗಿ ಕೆಲಸ ಮಾಡುವುದು ನಿಕಲ್, ಬಣ್ಣದಂಥವು ತಾಗಿ ಬಂದ ಇಸುಬಿನಲ್ಲಿ. ಅಲ್ಲಿ ಅಲರ್ಜಿಯ ಮಾತ್ರೆಯಿಂದ ಹೆಚ್ಚು ಪ್ರಯೋಜನವಿಲ್ಲ. ಎರಡನ್ನೂ ಅದಲುಬದಲು ಮಾಡಿಕೊಂಡು ಬಳಸುವವರೇ ಜಾಸ್ತಿ. ನುಂಗುವ ಸ್ಟೀರಾಯ್ಡ್ ತೀವ್ರ ಗಂದೆಗೆ ಕೆಲವೇ ದಿನಗಳ ಮಟ್ಟಿಗೆ, ವೈದ್ಯರು ಹೇಳಿದರೆ ಮಾತ್ರ. ನುಂಗಿದ ಕೂಡಲೇ ಚಮತ್ಕಾರದಂತೆ ಇಳಿಯುವುದರಿಂದ ಅದೇ ಚೀಟಿ ತೋರಿಸಿ ಮತ್ತೆಮತ್ತೆ ಕೊಳ್ಳುವ ಚಪಲ ಹುಟ್ಟುತ್ತದೆ. ಮೂಳೆ ಸವೆತ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಅದರ ಬೆಲೆ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿದ ಮುಲಾಮನ್ನು ಕಾರಣ ತಿಳಿಯದೆ ಹಚ್ಚುವುದೂ ಬೇಡ. ಹುಳುಕಡ್ಡಿಗೆ ಹಚ್ಚಿದರೆ ನವೆ ಇಳಿದು, ಅದರ ಮರೆಯಲ್ಲಿ ಸೋಂಕು ಹರಡುತ್ತದೆ.

ಆರು ವಾರ ದಾಟಿದರೆ

ಗಂದೆ ಆರು ವಾರ ಮೀರಿ ಹೆಚ್ಚುಕಡಿಮೆ ದಿನವೂ ಏಳುತ್ತಿದ್ದರೆ ಅದು ದೀರ್ಘಕಾಲದ ಗಂದೆ. ಇಲ್ಲಿಗೆ ಬಂದ ಮೇಲೆ ತಟ್ಟೆಯ ವಿಚಾರಣೆಯನ್ನು ಪೂರ್ತಿ ನಿಲ್ಲಿಸಬಹುದು. ಈ ಹಂತದಲ್ಲಿ ಆಹಾರದ ಅಲರ್ಜಿ ಕಾರಣವಾಗಿರುವುದು ಅಪರೂಪ. ಬಹಳ ಮಂದಿಯಲ್ಲಿ ರೋಗನಿರೋಧಕ ವ್ಯವಸ್ಥೆ ತನ್ನದೇ ಮಾಸ್ಟ್ ಕೋಶಗಳ ವಿರುದ್ಧ, ಅಥವಾ ಅವುಗಳ ಮೇಲೆ ಕೂತ ಐಜಿಇ ವಿರುದ್ಧ ತಿರುಗಿ ಬಿದ್ದಿರುತ್ತದೆ. ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳು ಇವರಲ್ಲಿ ಹೆಚ್ಚಾಗಿ ಕಾಣಸಿಗುವುದೂ ಇದೇ ಕಾರಣಕ್ಕೆ. ಹೊರಗಿನ ಶತ್ರುವೇ ಇಲ್ಲದಾಗ ಬದನೆಕಾಯಿ, ಮೊಟ್ಟೆ, ಹಾಲು ಒಂದೊಂದಾಗಿ ಬಿಡುತ್ತ ಹೋಗುವುದು ಪೌಷ್ಟಿಕಾಂಶಕ್ಕೆ ಮಾತ್ರ ನಷ್ಟ.

ಚಿಕಿತ್ಸೆಯ ಮೆಟ್ಟಿಲುಗಳು ಸ್ಪಷ್ಟವಾಗಿವೆ. ದಿನಕ್ಕೊಂದು ಎರಡನೇ ತಲೆಮಾರಿನ ಮಾತ್ರೆ. ಎರಡರಿಂದ ನಾಲ್ಕು ವಾರದಲ್ಲಿ ಹತೋಟಿಗೆ ಬಾರದಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಅದೇ ಮಾತ್ರೆಯ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೆ ಏರಿಸುವುದು. ಅದಕ್ಕೂ ಜಗ್ಗದಿದ್ದರೆ ಒಮಾಲಿಜುಮ್ಯಾಬ್ ಚುಚ್ಚುಮದ್ದು. ರಕ್ತದಲ್ಲಿರುವ ಐಜಿಇಯನ್ನೇ ಹಿಡಿದು ನಿಷ್ಕ್ರಿಯಗೊಳಿಸುವ ಈ ಔಷಧಕ್ಕೆ ದೀರ್ಘಕಾಲದ ಗಂದೆಗಾಗಿ 2014ರಲ್ಲಿ ಅಮೆರಿಕ ಮತ್ತು ಯುರೋಪ್ ಒಕ್ಕೂಟದಲ್ಲಿ ಅನುಮತಿ ಸಿಕ್ಕಿತು. ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ ಕೊಡುವುದು ರೂಢಿ. ಅದೂ ಆಗದವರಿಗೆ ಸೈಕ್ಲೋಸ್ಪೊರಿನ್ ಇದೆ, ಆದರೆ ಮೂತ್ರಪಿಂಡ ಮತ್ತು ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. ಈ ಕಾಯಿಲೆ ಹೆಚ್ಚಿನವರಲ್ಲಿ ಕೆಲವು ವರ್ಷಗಳಲ್ಲಿ ತಾನಾಗಿ ಶಮನವಾಗುತ್ತದೆ. ಆವರೆಗೆ ಚಿಕಿತ್ಸೆಯ ಉದ್ದೇಶ ರೋಗವನ್ನು ಬೇರುಸಹಿತ ಕೀಳುವುದಲ್ಲ, ಗಂದೆ ಮತ್ತು ನವೆ ಇಲ್ಲದೆ ದಿನ ಸಾಗುವಂತೆ ನೋಡಿಕೊಳ್ಳುವುದು.

ಪರೀಕ್ಷೆ ಯಾರಿಗೆ ಬೇಕು

ಒಮ್ಮೆ ಬಂದು ಹೋದ ಗಂದೆಗೆ ಪರೀಕ್ಷೆಯೇ ಬೇಡ. ನಿರ್ದಿಷ್ಟ ಆಹಾರ, ಔಷಧ ಅಥವಾ ಕುಟುಕಿನ ಮೇಲೆ ಸಮಯದ ಲೆಕ್ಕ ಬೆರಳು ತೋರಿಸಿದಾಗ ಮಾತ್ರ ಅಲರ್ಜಿ ಪರೀಕ್ಷೆಗೆ ಅರ್ಥವಿದೆ. ಚರ್ಮದ ಮೇಲೆ ಸಂಶಯವಿರುವ ವಸ್ತುವಿನ ಸಾರದ ಹನಿಯಿಟ್ಟು ಸೂಜಿಯಿಂದ ಲಘುವಾಗಿ ಚುಚ್ಚಿ, 15ರಿಂದ 20 ನಿಮಿಷಕ್ಕೆ ಎದ್ದ ಗಂದೆಯನ್ನು ಅಳೆಯುತ್ತಾರೆ. ಆ ವಸ್ತುವಿಲ್ಲದ ಬರೀ ದ್ರಾವಣ ಚುಚ್ಚಿದ ಗುರುತಿಗಿಂತ 3 ಮಿಲಿಮೀಟರ್ ದೊಡ್ಡದಾಗಿದ್ದರೆ ಧನಾತ್ಮಕ. ಅಲರ್ಜಿಯ ಮಾತ್ರೆಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಯಾವುದೂ ಏಳುವುದಿಲ್ಲ. ತಾಗಿ ಬರುವ ಇಸುಬಿಗೆ ಬೆನ್ನಿಗೆ ಪಟ್ಟಿ ಅಂಟಿಸುವ ಪರೀಕ್ಷೆ. 48 ಗಂಟೆ ಬಿಟ್ಟು ಬಿಚ್ಚಿ ನೋಡಿ, ಒಂದೆರಡು ದಿನದ ಬಳಿಕ ಮತ್ತೊಮ್ಮೆ ನೋಡುತ್ತಾರೆ.

ಧನಾತ್ಮಕ ಎಂದ ಮಾತ್ರಕ್ಕೆ ಅಲರ್ಜಿ ಎಂದಲ್ಲ. ದೇಹದಲ್ಲಿ ಪ್ರತಿಕಾಯ ಇದೆ ಎಂದಷ್ಟೇ ಅದರ ಅರ್ಥ. ತಿಂದು ಜೀರ್ಣಿಸಿಕೊಳ್ಳುತ್ತಿರುವ ಪದಾರ್ಥಕ್ಕೂ ಪ್ರತಿಕಾಯ ಇರಬಹುದು. ನೂರಾರು ಆಹಾರಗಳಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯವನ್ನು ಅಳೆದು ಕೆಂಪು, ಹಸಿರು ಬಣ್ಣದ ಪಟ್ಟಿ ಕೊಡುವ ರಕ್ತಪರೀಕ್ಷೆಗಳು ಇನ್ನೂ ದುರ್ಬಲ. ಆ ಪ್ರತಿಕಾಯ ತೋರಿಸುವುದು ನೀವು ಆ ಆಹಾರವನ್ನು ತಿಂದಿದ್ದೀರಿ ಎಂಬುದನ್ನು. ಅಲರ್ಜಿ ತಜ್ಞರ ಸಂಘಗಳು ಇದನ್ನು ಮಾಡಿಸಬೇಡಿ ಎಂದೇ ಹೇಳಿವೆ. ಆ ಹಣಕ್ಕಿಂತ ಮೊಬೈಲಿನಲ್ಲಿ ತೆಗೆದ ಗಂದೆಯ ಚಿತ್ರಗಳು, ಅವುಗಳ ಸಮಯ, ಆ ದಿನ ನುಂಗಿದ ಮಾತ್ರೆಗಳ ಪಟ್ಟಿ ವೈದ್ಯರಿಗೆ ಹೆಚ್ಚು ಹೇಳುತ್ತವೆ. ಅವರೆದುರು ಕೂತಾಗ ಮೈಮೇಲೆ ಗಂದೆಯೇ ಇಲ್ಲದಿರುವುದು ಈ ಕಾಯಿಲೆಯ ಮಾಮೂಲು ಚೇಷ್ಟೆ.

ತಪ್ಪು ತೀರ್ಪಿನ ಬೆಲೆ ದೊಡ್ಡದಾಗುವುದು ಔಷಧಗಳಲ್ಲಿ. ಮಗುವಿಗೆ ವೈರಸ್ ಜ್ವರವಿದ್ದಾಗ ಅಮಾಕ್ಸಿಸಿಲಿನ್ ಕೊಟ್ಟಿರುತ್ತಾರೆ, ಜ್ವರದ ದದ್ದು ಏಳುತ್ತದೆ, ದಾಖಲೆಯಲ್ಲಿ "ಪೆನಿಸಿಲಿನ್ ಅಲರ್ಜಿ" ಎಂದು ಬರೆಯಲಾಗುತ್ತದೆ. ಆ ಒಂದು ಸಾಲು ವಯಸ್ಸಾಗುವವರೆಗೂ ಹಿಂಬಾಲಿಸಿ, ಒಳ್ಳೆಯ ಔಷಧದ ಬದಲು ಹೆಚ್ಚು ಅಡ್ಡಪರಿಣಾಮದ ಬೇರೆ ಆ್ಯಂಟಿಬಯಾಟಿಕ್ ಬರೆಯುವಂತೆ ಮಾಡುತ್ತದೆ. ಹೀಗೆ ಹಣೆಪಟ್ಟಿ ಅಂಟಿದವರನ್ನು ಸರಿಯಾಗಿ ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತು ಮಂದಿಗೆ ಪೆನಿಸಿಲಿನ್ ಆಗಿಬರುತ್ತದೆ ಎಂಬುದು ಮತ್ತೆಮತ್ತೆ ಕಂಡುಬಂದಿದೆ. ನಿಮ್ಮ ದಾಖಲೆಯಲ್ಲಿ ಆ ಸಾಲಿದ್ದು, ಅದು ಹೇಗೆ ಬಂತೆಂದು ಯಾರಿಗೂ ನೆನಪಿಲ್ಲದಿದ್ದರೆ ಆರೋಗ್ಯವಾಗಿರುವಾಗಲೇ ಅಲರ್ಜಿ ತಜ್ಞರ ಬಳಿ ಮರುಪರೀಕ್ಷೆ ಮಾಡಿಸಿ. ಅಡ್ರಿನಲಿನ್ ಕೈಗೆಟುಕುವಂತಿರುವ ಆಸ್ಪತ್ರೆಯಲ್ಲೇ ಅದು ನಡೆಯಬೇಕು, ಮನೆಯಲ್ಲಿ ಮಾತ್ರೆ ನುಂಗಿ ನೋಡುವ ಪ್ರಯೋಗ ಸಲ್ಲದು.